ಯಂತ್ರದ ಬುದ್ಧಿಯೂ ರಾಯಚೂರು ಸೀಮೆಯ ಪಾಠಶಾಲೆಗಳೂ

ಓದುವ ಮಕ್ಕಳಿರುವ ಗೃಹಸ್ಥರೆಲ್ಲರ ಕಿವಿಗೂ ಈಚಿನ ಕೆಲವು ವರ್ಷಗಳಿಂದ ಒಂದು ಹೊಸ ಮಾತು ಬೀಳುತ್ತಿರುವುದು. ಅದೇ ಕೃತಕ ಬುದ್ಧಿಮತ್ತೆ. ಪ್ರಶ್ನೆಯನ್ನು ಕೇಳಿದ ಕ್ಷಣದಲ್ಲಿಯೇ ಉತ್ತರ ಹೇಳುವ, ಲೆಕ್ಕವನ್ನು ಬಿಡಿಸುವ, ಪ್ರಬಂಧವನ್ನು ಬರೆಯುವ, ಒಂದು ಭಾಷೆಯಿಂದ ಮತ್ತೊಂದಕ್ಕೆ ತರ್ಜುಮೆ ಮಾಡುವ ಯಂತ್ರವು ಅಂಗೈಯಗಲದ ಫೋನಿನೊಳಗೆ ಬಂದು ಕುಳಿತಿರುವುದು. ಇನ್ನು ಉಪಾಧ್ಯಾಯರೇ ಬೇಕಾಗಲಿಕ್ಕಿಲ್ಲವೆಂದು ಕೆಲವರು ಹಿಗ್ಗುತ್ತಾರೆ. ಇನ್ನು ಮಕ್ಕಳ ಬುದ್ಧಿಯೇ ಬೆಳೆಯಲಿಕ್ಕಿಲ್ಲವೆಂದು ಕೆಲವರು ಕಳವಳಪಡುತ್ತಾರೆ. ಈ ಎರಡು ಮಾತುಗಳ ನಡುವೆ ನಿಂತು, ಇಂಥ ಯಂತ್ರವನ್ನು ಪಾಠಶಾಲೆಗೆ ತರುವ ಮೊದಲು ಸರಕಾರದವರು ಯಾವ ಯೋಜನೆಯನ್ನು ಹಾಕಿಕೊಳ್ಳಬೇಕು, ತಾಯಿತಂದೆಗಳು ಯಾವ ಪ್ರಶ್ನೆಗಳನ್ನು ಕೇಳಬೇಕು ಎಂಬುದನ್ನು ಸಮಾಧಾನದಿಂದ ವಿಚಾರಮಾಡುವುದು ಈ ಲೇಖನದ ಉದ್ದೇಶ.

ವಿಚಾರಕ್ಕೆ ನೆಲೆಯಾಗಿ ನಾವು ಬೆಂಗಳೂರನ್ನು ತೆಗೆದುಕೊಂಡಿಲ್ಲ. ಅಲ್ಲಿಯ ದೊಡ್ಡ ಶಾಲೆಗಳ ಮಕ್ಕಳಿಗೆ ಯೋಜನೆಯಿದ್ದರೂ ಇಲ್ಲದಿದ್ದರೂ ಯಂತ್ರವು ದೊರೆಯುವುದು. ಅದು ತಪ್ಪಿದಾಗ ತಿದ್ದುವ ಜನರೂ ಮನೆಯಲ್ಲಿರುವರು. ಯೋಜನೆಯ ಒಳಿತು ಕೆಡುಕುಗಳು ನಿಜವಾಗಿ ತಿಳಿಯುವುದು ರಾಯಚೂರು, ದೇವದುರ್ಗ, ಮಾನ್ವಿಗಳಂಥ ಸ್ಥಳಗಳಲ್ಲಿ. ಆದಕಾರಣ ಆ ಸೀಮೆಯನ್ನೇ ಕಣ್ಣಮುಂದಿಟ್ಟುಕೊಂಡು ಮುಂದುವರಿಯೋಣ.

ಈ ಯಂತ್ರವು ಮಾಡುವುದೇನು?

ಹೆಸರು ದೊಡ್ಡದಾದರೂ ಕೆಲಸದ ತತ್ತ್ವವು ಅರ್ಥವಾಗದಂಥದೇನಲ್ಲ. ಮನುಷ್ಯರು ಬರೆದಿಟ್ಟ ಕೋಟ್ಯಂತರ ಪುಟಗಳನ್ನು ಗಣಕಯಂತ್ರಕ್ಕೆ ಉಣಿಸುತ್ತಾರೆ. ಯಾವ ಮಾತಿನ ಹಿಂದೆ ಯಾವ ಮಾತು ಬರುವುದು ವಾಡಿಕೆಯೆಂಬುದನ್ನು ಅದು ಲೆಕ್ಕಹಾಕಿ ತನ್ನಲ್ಲಿ ಇಟ್ಟುಕೊಳ್ಳುವುದು. ನಾವು ಪ್ರಶ್ನೆಯನ್ನು ಕೇಳಿದಾಗ, ಆ ಲೆಕ್ಕದ ಬಲದಿಂದ ಒಂದೊಂದೇ ತುಣುಕನ್ನು ಊಹಿಸಿ ಜೋಡಿಸುತ್ತ ಉತ್ತರವನ್ನು ಕಟ್ಟುವುದು. ಬಹಳ ಓದಿದವನ ಮಾತಿನಂತೆ ಅದರ ಮಾತು ಸರಾಗವಾಗಿರುವುದಕ್ಕೆ ಇದೇ ಕಾರಣ. ಕೆಲವೊಮ್ಮೆ ಶುದ್ಧ ಸುಳ್ಳನ್ನೂ ಅಷ್ಟೇ ಸರಾಗವಾಗಿ, ಅಷ್ಟೇ ಧೈರ್ಯದಿಂದ ಹೇಳುವುದಕ್ಕೂ ಇದೇ ಕಾರಣ. ತಿಳಿದ ವಿಷಯಕ್ಕೂ ಊಹಿಸಿದ ವಿಷಯಕ್ಕೂ ಅದರ ದನಿಯಲ್ಲಿ ಭೇದವಿರುವುದಿಲ್ಲ. ದೊಡ್ಡವರು ಈ ಭೇದವನ್ನು ತಮ್ಮ ಅನುಭವದಿಂದ ಕಂಡುಕೊಂಡಾರು. ಐದನೆಯ ತರಗತಿಯ ಹುಡುಗನು ಕಂಡುಕೊಳ್ಳಲಾರನು.

ಇನ್ನೊಂದು ಸಂಗತಿಯು ಕನ್ನಡಿಗರಾದ ನಮಗೆ ಮುಖ್ಯವಾದದ್ದು. ಯಂತ್ರವು ಓದಿದ ಪುಟಗಳಲ್ಲಿ ಬಹುಪಾಲು ಇಂಗ್ಲಿಷಿನವು. ಕನ್ನಡದ ಪಾಲು ತೀರ ಅಲ್ಪ. ಅಲ್ಲದೆ ಇಂಗ್ಲಿಷಿನ ಒಂದು ಮಾತನ್ನು ಅದು ಒಂದೆರಡು ತುಣುಕುಗಳಲ್ಲಿ ಹಿಡಿದರೆ, ಕನ್ನಡದ ಒಂದು ಮಾತನ್ನು ಅನೇಕ ತುಣುಕುಗಳಾಗಿ ಒಡೆಯಬೇಕಾಗುವುದು. ತುಣುಕಿಗಿಷ್ಟು ಎಂದು ಹಣವನ್ನು ಎಣಿಸುವ ವ್ಯಾಪಾರವಾದ್ದರಿಂದ ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳುವುದಕ್ಕೆ ಹೆಚ್ಚು ವೆಚ್ಚವು ತಗಲುವುದು. ಉತ್ತರದ ಗುಣವೂ ಎಷ್ಟೋ ವೇಳೆ ಕಡಿಮೆಯಾಗುವುದು. ಮೊದಲೇ ಹಿಂದುಳಿದವನಿಗೆ ಹೆಚ್ಚು ಬೆಲೆಯೂ ಕಡಿಮೆ ಸರಕೂ ದೊರೆಯುವುದೆಂದರೆ, ಇದನ್ನು ಸಂತೆಯ ಪಾಡಿಗೆ ಬಿಟ್ಟುಬಿಡಲಾಗದೆಂಬುದು ಸ್ಪಷ್ಟವಾಗಿಯೇ ಇದೆ. ರಾಜ್ಯದ ಯೋಜನೆಯು ಬೇಕಾಗಿರುವುದು ಇಲ್ಲಿಯೇ.

ಎಡೆದೊರೆ ನಾಡಿನ ಸ್ಥಿತಿ

ಬಡಗಲಲ್ಲಿ ಕೃಷ್ಣೆ, ತೆಂಕಲಲ್ಲಿ ತುಂಗಭದ್ರೆ. ಇವುಗಳ ನಡುವಣ ನಾಡನ್ನು ಹಿಂದಿನವರು ಎಡೆದೊರೆ ನಾಡೆಂದು ಕರೆದರು. ಇದರ ಒಡೆತನಕ್ಕಾಗಿ ಅರಸರು ಶತಮಾನಗಳ ಕಾಲ ಕಾದಾಡಿದರು. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರಿನ ಯುದ್ಧದಲ್ಲಿ ಜಯಶಾಲಿಯಾದುದು ಎಲ್ಲರಿಗೂ ತಿಳಿದದ್ದೇ. ಆದರೆ ನೆಲಕ್ಕಾಗಿ ನಡೆದ ಹೋರಾಟದಷ್ಟು ನೆಲದ ಮಕ್ಕಳ ವಿದ್ಯೆಗಾಗಿ ನಡೆಯಲಿಲ್ಲ. ೨೦೧೧ನೆಯ ಜನಗಣತಿಯಲ್ಲಿ ಕರ್ನಾಟಕದಲ್ಲಿ ನೂರಕ್ಕೆ ಎಪ್ಪತ್ತೈದು ಮಂದಿ ಅಕ್ಷರಸ್ಥರಾಗಿದ್ದರೆ, ರಾಯಚೂರು ಜಿಲ್ಲೆಯಲ್ಲಿ ನೂರಕ್ಕೆ ಅರುವತ್ತರಷ್ಟೂ ಇರಲಿಲ್ಲ. ಹೆಂಗಸರಲ್ಲಿ ಅರ್ಧದಷ್ಟು ಮಂದಿಗೂ ಓದುಬರೆಹ ಬರುತ್ತಿರಲಿಲ್ಲ. ೨೦೦೨ರಲ್ಲಿ ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು ಅತ್ಯಂತ ಹಿಂದುಳಿದವೆಂದು ಗುರುತಿಸಿದ ೩೯ ತಾಲ್ಲೂಕುಗಳಲ್ಲಿ ದೇವದುರ್ಗವೂ ಮಾನ್ವಿಯೂ ಸೇರಿದ್ದುವು. ಆಮೇಲೆ ಸಂವಿಧಾನಕ್ಕೆ ೯೮ನೆಯ ತಿದ್ದುಪಡಿಯಾಗಿ ೩೭೧ (ಜೆ) ವಿಧಿಯು ಬಂದಿತು; ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಈ ಭಾಗದವರಿಗೆ ವಿಶೇಷ ಸೌಕರ್ಯಗಳು ಒದಗಿದುವು. ೨೦೧೮ರಲ್ಲಿ ಕೇಂದ್ರದವರು ವಿಶೇಷ ಗಮನಕ್ಕಾಗಿ ಆರಿಸಿದ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ರಾಯಚೂರೂ ಯಾದಗಿರಿಯೂ ಸೇರಿದುವು.

ಇದೇ ರಾಯಚೂರಿನಲ್ಲಿ ಇನ್ನೊಂದು ವಿಚಿತ್ರವಿದೆ. ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೊಂದು ೨೦೧೯ರಲ್ಲಿ ಇಲ್ಲಿಗೆಂದು ಸ್ಥಾಪಿತವಾಗಿ, ಮೊದಲು ಹೈದರಾಬಾದಿನ ಐಐಟಿಯ ಆಶ್ರಯದಲ್ಲಿದ್ದು, ಅನಂತರ ರಾಯಚೂರಿಗೆ ಬಂದು ನೆಲೆಸಿತು. ಕೃತಕ ಬುದ್ಧಿಮತ್ತೆಯನ್ನೂ ದತ್ತಾಂಶ ವಿಜ್ಞಾನವನ್ನೂ ಅಲ್ಲಿ ಪದವಿಯ ಮಟ್ಟದಲ್ಲಿ ಕಲಿಸುತ್ತಾರೆ. ದೇಶದ ನಾನಾ ಕಡೆಗಳಿಂದ ಬಂದ ತರುಣರು ಆ ಸಂಸ್ಥೆಯಲ್ಲಿ ಬುದ್ಧಿಯಂತ್ರಗಳನ್ನು ಕಟ್ಟಲು ಕಲಿಯುತ್ತಿರುವಾಗ, ಕೆಲವೇ ಹರಿದಾರಿಗಳಾಚೆ ದೇವದುರ್ಗದ ಹಳ್ಳಿಯೊಂದರ ಹುಡುಗಿಯು ಹತ್ತಿ ಬಿಡಿಸುವ ಕಾಲದಲ್ಲಿ ಪಾಠಶಾಲೆಯನ್ನು ಬಿಟ್ಟು ಹೊಲದಲ್ಲಿರುವಳು. ಮಾನ್ವಿಯ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಬತ್ತವು ಬೆಳೆಯುವುದು. ದೇವದುರ್ಗದ ಕಡೆಗೆ ನಾರಾಯಣಪುರದ ಬಲದಂಡೆ ಕಾಲುವೆಯಿಂದ ನೀರು ಹರಿಯುವುದು. ನೀರು ತಲುಪದ ಊರುಗಳ ಸಂಸಾರಗಳು ಸುಗ್ಗಿ ಮುಗಿದೊಡನೆ ದುಡಿಮೆಗಾಗಿ ಬೆಂಗಳೂರಿನ ಕಡೆಗೆ ಗುಳೇ ಹೋಗುವುವು. ಮಕ್ಕಳೂ ಜೊತೆಯಲ್ಲಿ ಹೋಗುವರು. ಬುದ್ಧಿಯಂತ್ರದ ಯಾವ ಯೋಜನೆಯಾದರೂ ಈ ಹುಡುಗಿಯನ್ನು ಮುಟ್ಟುವುದೋ ಇಲ್ಲವೋ ಎಂಬುದೇ ಅದರ ಬೆಲೆಯನ್ನು ಅಳೆಯುವ ಕೋಲು.

ಐವತ್ತು ವರ್ಷಗಳ ಹಿಂದಿನ ಒಂದು ಪ್ರಯೋಗ

ಹೊಸ ಯಂತ್ರವು ವಿದ್ಯಾಪ್ರಚಾರಕ್ಕಾಗಿ ಈ ಸೀಮೆಗೆ ಬರುತ್ತಿರುವುದು ಇದೇ ಮೊದಲಲ್ಲ. ೧೯೭೫ನೆಯ ಇಸವಿ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರ ವರೆಗೆ, ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-೬ ಎಂಬ ಉಪಗ್ರಹದ ಮೂಲಕ ನಮ್ಮ ದೇಶದ ಆರು ರಾಜ್ಯಗಳ ೨,೪೦೦ ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಕಳುಹಿಸಲಾಯಿತು. ಇಸ್ರೋ ಸಂಸ್ಥೆಯವರು ಕೈಗೊಂಡ ಈ ಪ್ರಯೋಗಕ್ಕೆ ‘ಸೈಟ್’ ಎಂದು ಹೆಸರು. ಕರ್ನಾಟಕದಲ್ಲಿ ಆರಿಸಿದ ಜಿಲ್ಲೆಗಳು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು. ಊರ ಸಾರ್ವಜನಿಕ ಸ್ಥಳದಲ್ಲಿಯೋ ಶಾಲೆಯಲ್ಲಿಯೋ ಒಂದು ದೂರದರ್ಶನ ಪೆಟ್ಟಿಗೆ. ಅದರ ಹೊರಗೆ ಕೋಳಿಗೂಡಿನ ತಂತಿಬಲೆಯಿಂದ ಮಾಡಿದ ಹತ್ತು ಅಡಿಯ ಬೋಗುಣಿಯಂಥ ಆಂಟೆನಾ. ಬೆಳಗ್ಗೆ ಮಕ್ಕಳಿಗೆ ಇಪ್ಪತ್ತೆರಡುವರೆ ನಿಮಿಷಗಳ ಪಾಠ, ಸಾಯಂಕಾಲ ದೊಡ್ಡವರಿಗೆ ವ್ಯವಸಾಯ, ಆರೋಗ್ಯ ಮುಂತಾದ ವಿಷಯಗಳು. ರೈಲನ್ನೇ ಕಾಣದ ಮಕ್ಕಳು ಆಕಾಶದಿಂದಿಳಿದ ಕನ್ನಡ ಪಾಠವನ್ನು ಕಂಡರು. ರಜೆಯ ದಿನಗಳಲ್ಲಿ ಇದೇ ಉಪಗ್ರಹದ ಮೂಲಕ ಪ್ರಾಥಮಿಕ ಶಾಲೆಗಳ ಸಾವಿರಾರು ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ನಡೆಯಿತು.

ಜಗತ್ತೆಲ್ಲ ಈ ಸಾಹಸವನ್ನು ಕೊಂಡಾಡಿತು. ಕೊಂಡಾಡಿದ್ದು ನ್ಯಾಯವೂ ಹೌದು. ಆದರೆ ಉಪಗ್ರಹವು ನಮ್ಮದಾಗಿರಲಿಲ್ಲ. ಒಪ್ಪಂದದ ವರ್ಷವು ಮುಗಿದೊಡನೆ ಅದು ತನ್ನ ದೇಶದ ಕೆಲಸಕ್ಕೆ ಹಿಂತಿರುಗಿತು. ಮಕ್ಕಳ ಮುಂದಿನ ಪೆಟ್ಟಿಗೆಯಲ್ಲಿ ಪಾಠವು ನಿಂತಿತು. ೧೯೭೭ರಲ್ಲಿ ಗುಲ್ಬರ್ಗದಲ್ಲಿ ಭೂಮಿಯ ಮೇಲಣ ಪ್ರಸಾರ ಕೇಂದ್ರವೊಂದು ಸ್ಥಾಪಿತವಾಯಿತಾದರೂ ಅದರ ಅಲೆಗಳು ಸುತ್ತಲಿನ ಕೆಲವು ಊರುಗಳಿಗೆ ಮಾತ್ರ ಮುಟ್ಟುವಂಥವು.

ಇದರಿಂದ ನಾವು ಕಲಿಯಬೇಕಾದ ಪಾಠಗಳು ಎರಡು. ಮೊದಲನೆಯದು: ಯಂತ್ರವು ಯಾರ ಒಡೆತನದಲ್ಲಿದೆ, ಒಪ್ಪಂದವು ಎಂದಿಗೆ ಮುಗಿಯುವುದು, ಮುಗಿದ ಮರುದಿನ ಪಾಠವು ಹೇಗೆ ನಡೆಯುವುದು ಎಂಬುದನ್ನು ಆರಂಭದ ದಿನವೇ ಗೊತ್ತುಮಾಡಬೇಕು. ಇಂದಿನ ಬುದ್ಧಿಯಂತ್ರಗಳಲ್ಲಿ ದೊಡ್ಡವು ಬಹುತೇಕ ಪರದೇಶದ ಕಂಪನಿಗಳ ಕೈಯಲ್ಲಿವೆ. ಮೊದಲ ವರ್ಷ ಉಚಿತವಾಗಿ ಕೊಟ್ಟು, ಅಭ್ಯಾಸವಾದ ಮೇಲೆ ಬೆಲೆಯನ್ನು ಹೇರುವುದು ವ್ಯಾಪಾರದ ಹಳೆಯ ಕ್ರಮ. ಎರಡನೆಯದು: ಪೆಟ್ಟಿಗೆಯು ಹೋದರೂ ತರಬೇತಿ ಪಡೆದ ಉಪಾಧ್ಯಾಯನು ಊರಿನಲ್ಲಿಯೇ ಉಳಿದನು. ಉಪಾಧ್ಯಾಯನ ಮೇಲೆ ಮಾಡಿದ ವೆಚ್ಚವು ಒಪ್ಪಂದದೊಡನೆ ಮುಗಿಯುವುದಿಲ್ಲ.

ಮನೆಯ ನುಡಿ, ಶಾಲೆಯ ನುಡಿ

ಈ ಸೀಮೆಯ ಹಿರಿಯರು ಮರೆಯಲಾಗದ ಇನ್ನೊಂದು ಅನುಭವವಿದೆ. ೧೯೪೮ರ ವರೆಗೆ ರಾಯಚೂರು ನಿಜಾಮರ ಆಳಿಕೆಯಲ್ಲಿತ್ತು. ಆಗ ಸರಕಾರದ ಭಾಷೆ ಉರ್ದು. ಮೇಲಿನ ವಿದ್ಯಾಭ್ಯಾಸವೂ ಉರ್ದುವಿನಲ್ಲಿ. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ದೇಶಭಾಷೆಯೊಂದರಲ್ಲಿ ಉಚ್ಚ ಶಿಕ್ಷಣವನ್ನು ಕೊಟ್ಟು ಹೆಸರುಪಡೆಯಿತೆಂಬುದು ಸತ್ಯವೇ. ಆದರೆ ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಆ ಭಾಷೆಯೂ ಪರಭಾಷೆಯೇ ಆಗಿತ್ತು. ಲೆಕ್ಕವನ್ನು ಕಲಿಯುವ ಮೊದಲು ಲೆಕ್ಕದ ಭಾಷೆಯನ್ನು ಕಲಿಯಬೇಕಾಗಿದ್ದುದರಿಂದ ಎಷ್ಟೋ ಮಕ್ಕಳು ಎರಡನ್ನೂ ಕಲಿಯದೆ ಹಿಂತಿರುಗಿದರು. ಇಂಥ ಕಾಲದಲ್ಲಿಯೇ ೧೯೩೪ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಸೇರಿತು. ಮಕ್ಕಳಿಗಾಗಿ ಹಾಡುಗಳನ್ನೂ ಕಥೆಗಳನ್ನೂ ಬರೆದು ಕನ್ನಡದ ಮನೆಮನೆಗೆ ಬೇಕಾದವರಾಗಿದ್ದ ಪಂಜೆ ಮಂಗೇಶರಾಯರು ಅದರ ಅಧ್ಯಕ್ಷರಾಗಿದ್ದರು. ಪಂಡಿತ ತಾರಾನಾಥರು ಇದೇ ಊರಿನಲ್ಲಿ ಹಮ್‌ದರ್ದ್ ಎಂಬ ರಾಷ್ಟ್ರೀಯ ಶಾಲೆಯನ್ನು ಕಟ್ಟಿದುದೂ ಆ ದಿನಗಳಲ್ಲಿಯೇ.

ಇನ್ನೂ ಹಿಂದಕ್ಕೆ ಹೋದರೆ ಮಾನ್ವಿಯ ಜಗನ್ನಾಥದಾಸರನ್ನೂ, ಅದೇ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರನ್ನೂ ನೆನೆಯಬೇಕು. ಸಂಸ್ಕೃತದಲ್ಲಿ ಅಡಗಿದ್ದ ಕಠಿನ ಶಾಸ್ತ್ರವನ್ನು ಬೀದಿಯಲ್ಲಿ ಹೋಗುವವನಿಗೂ ತಿಳಿಯುವ ಕನ್ನಡದಲ್ಲಿ ಹಾಡಿ ಹಂಚಿದ ಮಹನೀಯರು ಇವರು. ವಿಷಯವು ಎಷ್ಟು ದೊಡ್ಡದಾದರೂ ಜನರ ನುಡಿಗೆ ಅದನ್ನು ಇಳಿಸಬಹುದೆಂಬುದಕ್ಕೆ ಈ ನೆಲವೇ ಸಾಕ್ಷಿಯಾಗಿರುವುದು.

ಈಗ ಬರುವ ಬುದ್ಧಿಯಂತ್ರವು ಇಂಗ್ಲಿಷಿನಲ್ಲಿಯೋ, ಇಂಗ್ಲಿಷಿನಿಂದ ತರ್ಜುಮೆಯಾದ ಪುಸ್ತಕದ ಕನ್ನಡದಲ್ಲಿಯೋ ಮಾತನಾಡಿದರೆ ನಿಜಾಮರ ಕಾಲದ ಕಷ್ಟವೇ ಬೇರೆ ವೇಷದಲ್ಲಿ ಮರಳಿ ಬಂದಂತಾಗುವುದು. ರಾಯಚೂರಿನ ಆಡುಮಾತಿನಲ್ಲಿ ಉರ್ದುವಿನ ಮಾತುಗಳೂ ತೆಲುಗಿನ ಮಾತುಗಳೂ ಹಾಸುಹೊಕ್ಕಾಗಿವೆ. ತಾಂಡಾಗಳಲ್ಲಿ ಲಂಬಾಣಿಯು ನಡೆಯುವುದು. ಮಗುವು ತನ್ನ ನುಡಿಯಲ್ಲಿ ಕೇಳಿದ ಪ್ರಶ್ನೆಯು ಯಂತ್ರಕ್ಕೆ ತಿಳಿಯದೆ, ಅದು ಬೇರೆಯೇ ಉತ್ತರವನ್ನು ಕೊಟ್ಟರೆ, ತಪ್ಪು ತನ್ನದೆಂದೇ ಮಗುವು ತಿಳಿದೀತು. ಈ ಕೊರತೆಯನ್ನು ನೀಗುವ ಯತ್ನಗಳೂ ನಡೆದಿರುವುದು ಸಂತೋಷದ ಸಂಗತಿ. ಕೇಂದ್ರ ಸರಕಾರವು ೨೦೨೨ರಲ್ಲಿ ‘ಭಾಷಿಣಿ’ ಎಂಬ ತರ್ಜುಮೆಯ ಏರ್ಪಾಡನ್ನು ಆರಂಭಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಗೂಗಲ್ ಕಂಪನಿಯ ನೆರವಿನಿಂದ ‘ವಾಣಿ’ ಎಂಬ ಕಾರ್ಯವನ್ನು ಕೈಗೊಂಡು ಜಿಲ್ಲೆಜಿಲ್ಲೆಯ ಜನರ ಆಡುಮಾತನ್ನು ಧ್ವನಿಮುದ್ರಿಸಿದರು. ಆ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಹೀಗೆ ಕೂಡಿಸಿದ ನುಡಿಯ ಭಂಡಾರವು ಶಾಲೆಯ ಯಂತ್ರದೊಳಕ್ಕೆ ಬರಬೇಕೆಂದು ಯೋಜನೆಯಲ್ಲಿಯೇ ಬರೆದಿಡತಕ್ಕದ್ದು.

ಪರದೇಶಗಳ ಅನುಭವ

ನಮಗಿಂತ ಮೊದಲು ಹೆಜ್ಜೆಯಿಟ್ಟವರ ಕಥೆಯನ್ನು ಕೇಳಿದರೆ ನಷ್ಟವಿಲ್ಲ. ದಕ್ಷಿಣ ಕೊರಿಯವು ಯಂತ್ರವಿದ್ಯೆಯಲ್ಲಿ ಬಹಳ ಮುಂದುವರಿದ ದೇಶ. ೨೦೨೫ರ ಮಾರ್ಚಿಯಲ್ಲಿ ಅಲ್ಲಿಯ ಸರಕಾರವು ಬುದ್ಧಿಯಂತ್ರವನ್ನೊಳಗೊಂಡ ಪಠ್ಯಪುಸ್ತಕಗಳನ್ನು ಕೆಲವು ತರಗತಿಗಳಿಗೆ ತಂದಿತು. ಉಪಾಧ್ಯಾಯರಿಗೆ ಸಿದ್ಧತೆ ಸಾಲದೆಂದೂ ಮಕ್ಕಳು ಪರದೆಗೆ ಅಂಟಿಕೊಳ್ಳುವರೆಂದೂ ಉಪಾಧ್ಯಾಯರು, ತಾಯಿತಂದೆಗಳು ಆಕ್ಷೇಪಿಸಿದರು. ಐದು ತಿಂಗಳೊಳಗೆ, ಆಗಸ್ಟಿನಲ್ಲಿ, ಅಲ್ಲಿಯ ಶಾಸನಸಭೆಯೇ ಅವುಗಳಿಗಿದ್ದ ಪಠ್ಯಪುಸ್ತಕದ ಪದವಿಯನ್ನು ತೆಗೆದುಹಾಕಿತು. ಹಣವಿದ್ದ ದೇಶವು ಅವಸರದ ಬೆಲೆಯನ್ನು ತೆತ್ತೀತು; ನಮ್ಮ ಜಿಲ್ಲೆಗಳು ತೆರಲಾರವು.

ಇಂಗ್ಲೆಂಡಿನ ಅನುಭವವು ಇನ್ನೂ ಕಹಿಯಾದದ್ದು. ೨೦೨೦ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಪರೀಕ್ಷೆಗಳು ನಡೆಯದಿರಲು, ಉಪಾಧ್ಯಾಯರು ಕೊಟ್ಟ ದರ್ಜೆಗಳನ್ನು ಒಂದು ಗಣಿತಸೂತ್ರದಿಂದ ತಿದ್ದಿದರು. ಆ ಸೂತ್ರವು ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವನ್ನೂ ಲೆಕ್ಕಕ್ಕೆ ಹಿಡಿಯುತ್ತಿತ್ತು. ನೂರರಲ್ಲಿ ಸುಮಾರು ನಲವತ್ತು ದರ್ಜೆಗಳು ಇಳಿದುವು. ಬಡವರ ಶಾಲೆಯಲ್ಲಿ ಓದಿದ ಜಾಣ ಮಕ್ಕಳಿಗೆ ಅನ್ಯಾಯವಾಯಿತೆಂದು ದೇಶವೆಲ್ಲ ಕೂಗೆದ್ದು, ಆಗಸ್ಟ್ ೧೭ರಂದು ಸರಕಾರವು ಆ ಸೂತ್ರವನ್ನು ಹಿಂತೆಗೆಯಿತು. ಇದು ಕೃತಕ ಬುದ್ಧಿಮತ್ತೆಯಷ್ಟು ದೊಡ್ಡ ಯಂತ್ರವೂ ಅಲ್ಲ, ಬರಿಯ ಲೆಕ್ಕದ ಸೂತ್ರ. ಆದರೂ ಅದರಿಂದ ಗೊತ್ತಾದದ್ದೇನೆಂದರೆ, ಹಿಂದಿನ ಲೆಕ್ಕವನ್ನು ನೋಡಿ ಮುಂದಿನದನ್ನು ಹೇಳುವ ಯಾವ ಯಂತ್ರವಾದರೂ ಹಿಂದುಳಿದ ಊರಿನ ಮಗುವನ್ನು ಹಿಂದುಳಿದವನೆಂದೇ ಎಣಿಸುವುದು. ದೇವದುರ್ಗದ ಮಗುವಿನ ಉತ್ತೀರ್ಣತೆಯನ್ನು ದೇವದುರ್ಗದ ಹಳೆಯ ಫಲಿತಾಂಶವು ನಿರ್ಣಯಿಸಕೂಡದು.

ತುರ್ಕಿಯಲ್ಲಿ ಸುಮಾರು ಒಂದು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ಗಣಿತದಲ್ಲಿ ಒಂದು ಪ್ರಯೋಗವು ನಡೆದು, ಅದರ ವಿವರವು ೨೦೨೫ರಲ್ಲಿ ಪ್ರಕಟವಾಯಿತು. ಸಾಧಾರಣ ಬುದ್ಧಿಯಂತ್ರವನ್ನು ಕೈಗೆ ಕೊಟ್ಟಾಗ ಅಭ್ಯಾಸದ ಲೆಕ್ಕಗಳಲ್ಲಿ ಮಕ್ಕಳ ಅಂಕಗಳು ನೂರಕ್ಕೆ ೪೮ರಷ್ಟು ಏರಿದುವು. ಯಂತ್ರವನ್ನು ಕಸಿದುಕೊಂಡು ಪರೀಕ್ಷೆ ಮಾಡಿದಾಗ, ಅದನ್ನು ಎಂದೂ ಮುಟ್ಟದ ಮಕ್ಕಳಿಗಿಂತ ಇವರ ಅಂಕಗಳು ನೂರಕ್ಕೆ ೧೭ರಷ್ಟು ಕಡಿಮೆಯಾಗಿದ್ದುವು. ಉತ್ತರವನ್ನು ಹೇಳದೆ ಸುಳಿವುಗಳನ್ನು ಮಾತ್ರ ಕೊಡುವಂತೆ, ಉಪಾಧ್ಯಾಯರ ಸಲಹೆಯಿಂದ ರೂಪಿಸಿದ ಇನ್ನೊಂದು ಯಂತ್ರವನ್ನು ಬಳಸಿದವರಿಗೆ ಈ ಹಾನಿಯು ತಟ್ಟಲಿಲ್ಲ. ೨೦೨೪ರಲ್ಲಿ ನೈಜೀರಿಯದ ಎಡೊ ಪ್ರಾಂತದಲ್ಲಿ ಶಾಲೆ ಬಿಟ್ಟ ಮೇಲೆ ಉಪಾಧ್ಯಾಯರ ಸಮ್ಮುಖದಲ್ಲಿ ಆರು ವಾರ ಇಂಥ ಯಂತ್ರದಿಂದ ಇಂಗ್ಲಿಷನ್ನು ಅಭ್ಯಾಸಮಾಡಿಸಿದಾಗ ಮಕ್ಕಳಿಗೆ ಒಳ್ಳೆಯ ಲಾಭವೇ ಆಯಿತು. ಹೆಣ್ಣುಮಕ್ಕಳಿಗಾದ ಲಾಭವು ಹೆಚ್ಚಿನದು. ಎರಡು ಪ್ರಯೋಗಗಳೂ ಹೇಳುವುದು ಒಂದನ್ನೇ: ಯಂತ್ರವು ತಾನಾಗಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲವೆಂದು ಬಿಡುವಂತಿಲ್ಲ; ಅದರ ಪಕ್ಕದಲ್ಲಿ ಉಪಾಧ್ಯಾಯನಿದ್ದಾನೆಯೆ, ಅದಕ್ಕೆ ಕಟ್ಟುಪಾಡಿದೆಯೆ ಎಂಬುದರ ಮೇಲೆ ಮಗುವಿನ ಫಲವು ನಿಂತಿರುವುದು.

ನಮ್ಮ ಸರಕಾರಗಳು ಮಾಡಿರುವುದು

ಕೇಂದ್ರದ ನೀತಿ ಆಯೋಗವು ೨೦೧೮ರಲ್ಲಿ ಹೊರಡಿಸಿದ ಕೃತಕ ಬುದ್ಧಿಮತ್ತೆಯ ರಾಷ್ಟ್ರೀಯ ಕಾರ್ಯತಂತ್ರದಲ್ಲಿ ಶಿಕ್ಷಣವನ್ನು ಮುಖ್ಯ ಕ್ಷೇತ್ರಗಳಲ್ಲಿ ಒಂದಾಗಿ ಎಣಿಸಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಈ ವಿದ್ಯೆಯನ್ನು ಶಾಲೆಗಳಲ್ಲಿ ಕಲಿಸಬೇಕೆಂದಿತು. ೨೦೨೪ರ ಮಾರ್ಚಿಯಲ್ಲಿ ಕೇಂದ್ರ ಸಂಪುಟವು ‘ಇಂಡಿಯಾ ಎಐ’ ಯೋಜನೆಗೆ ೧೦,೩೭೧ ಕೋಟಿಗೂ ಮಿಕ್ಕ ರೂಪಾಯಿಗಳನ್ನು ಮಂಜೂರುಮಾಡಿತು. ಮರುವರ್ಷದ ಆಯವ್ಯಯದಲ್ಲಿ ಶಿಕ್ಷಣಕ್ಕಾಗಿಯೇ ಒಂದು ಕೃತಕ ಬುದ್ಧಿಮತ್ತೆಯ ಕೇಂದ್ರಕ್ಕೆ ೫೦೦ ಕೋಟಿಯನ್ನು ಘೋಷಿಸಲಾಯಿತು. ಮೂರನೆಯ ತರಗತಿಯಿಂದಲೇ ಈ ವಿಷಯವನ್ನು ೨೦೨೬-೨೭ನೆಯ ಸಾಲಿನಿಂದ ತರುವೆವೆಂದು ೨೦೨೫ರ ಅಕ್ಟೋಬರಿನಲ್ಲಿ ಕೇಂದ್ರದ ಶಿಕ್ಷಣ ಮಂತ್ರಾಲಯವು ಪ್ರಕಟಿಸಿತು. ನಮ್ಮ ರಾಜ್ಯದಲ್ಲಿ ಪ್ರೊಫೆಸರ್ ಸುಖದೇವ ಥೋರಟ್ ಅವರ ಅಧ್ಯಕ್ಷತೆಯ ಶಿಕ್ಷಣ ನೀತಿ ಆಯೋಗವು ೨೦೨೫ರ ಆಗಸ್ಟಿನಲ್ಲಿ ವರದಿಯನ್ನು ಒಪ್ಪಿಸಿ, ಐದನೆಯ ತರಗತಿಯ ವರೆಗೆ ಕನ್ನಡವೋ ಮಾತೃಭಾಷೆಯೋ ಬೋಧನಾಭಾಷೆಯಾಗಬೇಕೆಂದು ಸಲಹೆಮಾಡಿತು. ಯಂತ್ರದ ಯೋಜನೆಯೂ ಭಾಷೆಯ ನೀತಿಯೂ ಬೇರೆಬೇರೆ ಕಡತಗಳಲ್ಲಿ ಬೇರೆಬೇರೆ ಮೇಜುಗಳ ಮೇಲೆ ಇದ್ದರೆ ಮಗುವಿಗೆ ಪ್ರಯೋಜನವಿಲ್ಲ. ಇವೆರಡನ್ನೂ ಒಂದೇ ದಾರದಲ್ಲಿ ಪೋಣಿಸಬೇಕು.

ಕರ್ನಾಟಕದಲ್ಲಿ ನಡೆದ ಒಂದು ಚಿಕ್ಕ ಪ್ರಯೋಗವು ಸರಿಯಾದ ದಾರಿಯನ್ನು ತೋರಿಸುವಂತಿದೆ. ಶಿಕ್ಷಣ ಫೌಂಡೇಶನ್ ಎಂಬ ಸಂಸ್ಥೆಯವರೂ ಮೈಕ್ರೋಸಾಫ್ಟಿನ ಸಂಶೋಧಕರೂ ಕೂಡಿ ೨೦೨೩ರಲ್ಲಿ ಸುಮಾರು ಮೂವತ್ತು ಶಾಲೆಗಳಲ್ಲಿ ‘ಶಿಕ್ಷಾ ಕೋಪೈಲಟ್’ ಎಂಬುದನ್ನು ಬಳಕೆಗೆ ತಂದರು. ಅದು ಮಕ್ಕಳ ಕೈಗೆ ಹೋಗುವಂಥದಲ್ಲ. ಪಠ್ಯಪುಸ್ತಕವನ್ನನುಸರಿಸಿ, ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ, ಪಾಠದ ಟಿಪ್ಪಣಿಯನ್ನು ಸಿದ್ಧಪಡಿಸಲು ಉಪಾಧ್ಯಾಯರಿಗೆ ನೆರವಾಗುವಂಥದು. ಒಬ್ಬರೇ ನಾಲ್ಕು ತರಗತಿಗಳನ್ನು ನೋಡಿಕೊಂಡು, ಮೇಲೆ ಕಡತಗಳನ್ನೂ ಬರೆಯಬೇಕಾದ ಹಳ್ಳಿಯ ಉಪಾಧ್ಯಾಯರಿಗೆ ದಿನಕ್ಕೆ ಅರ್ಧ ಗಂಟೆ ಉಳಿದರೂ ಅದು ಮಕ್ಕಳ ಪಾಲಿಗೆ ಬಂದ ಅರ್ಧ ಗಂಟೆಯೇ. ಇದಕ್ಕೆ ಪ್ರತಿಯಾಗಿ, ಸರಕಾರೀ ಶಾಲೆಗಳಲ್ಲಿ ಮುಖವನ್ನು ಗುರುತಿಸುವ ಯಂತ್ರದಿಂದ ಹಾಜರಿ ಹಿಡಿಯುವ ಯೋಚನೆಯು ೨೦೨೫ರಲ್ಲಿ ಹೊರಟಾಗ, ಎಳೆಯ ಮಕ್ಕಳ ಮುಖಚಿತ್ರಗಳನ್ನು ಕೂಡಿಹಾಕುವುದು ಸರಿಯೆ ಎಂಬ ಆಕ್ಷೇಪವು ಎದ್ದಿತು. ಆ ಆಕ್ಷೇಪವು ನ್ಯಾಯವಾದದ್ದೆಂದೇ ನಮ್ಮ ಅಭಿಪ್ರಾಯ. ಕಳೆದುಹೋದ ಹಾಜರಿ ಪುಸ್ತಕವನ್ನು ಮತ್ತೆ ಬರೆಯಬಹುದು. ಪರರ ಪಾಲಾದ ಮುಖಚಿತ್ರವನ್ನು ಹಿಂದಕ್ಕೆ ತರಲಾಗದು.

ಯೋಜನೆಯಲ್ಲಿ ಇರತಕ್ಕದ್ದೇನು?

ಮೇಲಿನದೆಲ್ಲವನ್ನೂ ತೂಗಿನೋಡಿದರೆ ರಾಯಚೂರಿನಂಥ ಜಿಲ್ಲೆಗೆ ತಕ್ಕ ಯೋಜನೆಯ ಕ್ರಮವು ಹೀಗಿರಬೇಕೆಂದು ನಮಗೆ ತೋರುವುದು.

ಮೊದಲನೆಯದಾಗಿ ಉಪಾಧ್ಯಾಯರು. ಖಾಲಿಯಿರುವ ಸ್ಥಾನಗಳನ್ನು ತುಂಬುವುದಕ್ಕೆ ಬದಲಾಗಿ ಯಂತ್ರವನ್ನು ಕಳುಹಿಸುವೆವೆಂಬ ಮಾತು ಯೋಜನೆಯೊಳಗೆ ನುಸುಳಕೂಡದು. ಯಂತ್ರವು ಮೊದಲು ಉಪಾಧ್ಯಾಯನ ಕೈಗೆ ಬರಲಿ. ಅವನು ಅದರ ಬಲವನ್ನೂ ದೌರ್ಬಲ್ಯವನ್ನೂ ಅರಿತ ಮೇಲೆ ಮಕ್ಕಳ ಮುಂದಕ್ಕೆ ಬರಲಿ. ಯುನೆಸ್ಕೋ ಸಂಸ್ಥೆಯು ೨೦೨೪ರಲ್ಲಿ ಉಪಾಧ್ಯಾಯರಿಗೆ ಬೇಕಾದ ಅರಿವನ್ನು ಕುರಿತು ಒಂದು ಚೌಕಟ್ಟನ್ನು ಪ್ರಕಟಿಸಿತು. ಹದಿಮೂರು ವರ್ಷ ತುಂಬದ ಮಕ್ಕಳು ಇಂಥ ಯಂತ್ರದೊಡನೆ ತಾವಾಗಿಯೇ ಸಂಭಾಷಿಸಕೂಡದೆಂಬ ಆಶಯವನ್ನು ಹಿಂದಿನ ವರ್ಷವೇ ಸೂಚಿಸಿತ್ತು. ತರಬೇತಿಗೆ ದೂರ ಹೋಗಬೇಕಾದುದಿಲ್ಲ. ರಾಯಚೂರಿನ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ಬೇಸಗೆಯ ರಜೆಯಲ್ಲಿ ಸುತ್ತಣ ತಾಲ್ಲೂಕುಗಳ ಉಪಾಧ್ಯಾಯರಿಗೆ ಬಾಗಿಲು ತೆರೆದರೆ ಅದು ಈ ನೆಲದಲ್ಲಿ ನಿಂತುದಕ್ಕೆ ಸಾರ್ಥಕವಾದೀತು.

ಎರಡನೆಯದಾಗಿ ಹೆಣ್ಣುಮಕ್ಕಳು. ೨೦೨೪ರಲ್ಲಿ ದೇಶದ ಹಳ್ಳಿಗಳಲ್ಲಿ ನಡೆದ ‘ಅಸರ್’ ಸಮೀಕ್ಷೆಯಂತೆ, ಹದಿನಾಲ್ಕರಿಂದ ಹದಿನಾರು ವರ್ಷದೊಳಗಿನ ಮಕ್ಕಳ ಮನೆಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತರಲ್ಲಿ ಸ್ಮಾರ್ಟ್‌ಫೋನ್ ಇದ್ದಿತು; ಆದರೆ ಅದನ್ನು ಬಳಸಬಲ್ಲ ಹುಡುಗರಲ್ಲಿ ನೂರಕ್ಕೆ ೩೬ ಮಂದಿಗೆ ಸ್ವಂತ ಫೋನಿದ್ದರೆ ಹುಡುಗಿಯರಲ್ಲಿ ೨೭ ಮಂದಿಗೆ ಮಾತ್ರ. ಮನೆಯ ಫೋನನ್ನು ನಂಬಿದ ಯೋಜನೆಯು ಹುಡುಗನ ಯೋಜನೆಯಾಗಿಯೇ ಉಳಿಯುವುದು. ಯಂತ್ರವು ಶಾಲೆಯಲ್ಲಿ, ಶಾಲೆಯ ವೇಳೆಯಲ್ಲಿ, ಎಲ್ಲರಿಗೂ ಸರದಿಯಿಂದ ದೊರೆಯಬೇಕು. ಗುಳೇ ಹೋದ ಮಗುವು ಮರಳಿ ಬಂದಾಗ ಬಿಟ್ಟುಹೋದ ಪಾಠವನ್ನು ತನ್ನ ವೇಗದಲ್ಲಿ ಹಿಡಿಯುವುದಕ್ಕೆ ಯಂತ್ರವು ನೆರವಾದರೆ, ಅದಕ್ಕಿಂತ ದೊಡ್ಡ ಉಪಯೋಗವು ನಮಗೆ ತೋಚದು.

ಮೂರನೆಯದಾಗಿ ಪರೀಕ್ಷಿಸಿ ನೋಡುವ ಕ್ರಮ. ರಾಜಧಾನಿಯ ಶಾಲೆಗಳಲ್ಲಿ ಪರೀಕ್ಷಿಸಿ, ಫಲಿಸಿತೆಂದು ದೇವದುರ್ಗಕ್ಕೆ ಕಳುಹಿಸುವುದು ತಲೆಕೆಳಗಾದ ಕ್ರಮ. ಅತ್ಯಂತ ಕಠಿನವಾದ ಸ್ಥಳದಲ್ಲಿ ಗೆದ್ದದ್ದು ಉಳಿದೆಡೆಯಲ್ಲಿ ತಾನಾಗಿ ಗೆಲ್ಲುವುದು. ಇದು ಅಪೂರ್ವವಾದ ಕೋರಿಕೆಯೇನೂ ಅಲ್ಲ. ಮಧ್ಯಾಹ್ನದ ಊಟದ ‘ಅಕ್ಷರ ದಾಸೋಹ’ವು ೨೦೦೨ರಲ್ಲಿ ಮೊದಲು ಆರಂಭವಾದದ್ದು ರಾಯಚೂರೂ ಸೇರಿದ ಏಳು ಹಿಂದುಳಿದ ಜಿಲ್ಲೆಗಳಲ್ಲಿಯೇ; ಅಲ್ಲಿಂದ ಮುಂದೆ ಅದು ರಾಜ್ಯವನ್ನೆಲ್ಲ ವ್ಯಾಪಿಸಿತು. ಹೊಟ್ಟೆಗೆ ಅನ್ನವು ಬಂದ ಕ್ರಮದಲ್ಲಿಯೇ ಬುದ್ಧಿಗೆ ನೆರವೂ ಬರಲಿ.

ನಾಲ್ಕನೆಯದಾಗಿ ದುರಸ್ತಿ ಮತ್ತು ಒಡೆತನ. ವಿದ್ಯುತ್ತು ನಿಂತಾಗ, ಜಾಲವು ಕಡಿದಾಗ, ಯಂತ್ರವು ಕೆಟ್ಟಾಗ ಯಾರು ಬರುವರು, ಎಷ್ಟು ದಿನಗಳೊಳಗೆ ಬರುವರು, ಯಾರ ಹಣದಿಂದ ಬರುವರು ಎಂಬುದು ಬರೆಹದಲ್ಲಿರಬೇಕು. ರಾಯಚೂರಿನ ಕೋಟೆಯ ಗೋಡೆಯಲ್ಲಿ ೧೨೯೪ರ ಒಂದು ಶಾಸನವುಳ್ಳ ನಲವತ್ತೊಂದು ಅಡಿಗೂ ಮಿಕ್ಕ ಉದ್ದದ ಕಲ್ಲಿದೆ. ಅದನ್ನು ಬಂಡಿಯ ಮೇಲಿಟ್ಟು ಎಳೆದುತಂದ ಬಗೆಯನ್ನೂ ಅದರ ಮೇಲೆಯೇ ಚಿತ್ರಿಸಿದ್ದಾರೆ. ಕಲ್ಲಿನ ದೊಡ್ಡಸ್ತಿಕೆಯನ್ನು ಮಾತ್ರ ಬಣ್ಣಿಸದೆ ಅದನ್ನು ಎಳೆದವರನ್ನೂ ತೋರಿಸಿದ ಆ ಹಿರಿಯರ ಕ್ರಮವು ನಮ್ಮ ಯೋಜಕರಿಗೂ ಮೇಲ್ಪಂಕ್ತಿಯಾಗಲಿ.

ಐದನೆಯದಾಗಿ ಮಕ್ಕಳ ಗುಟ್ಟು. ೨೦೨೩ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು ಹದಿನೆಂಟು ವರ್ಷ ತುಂಬದವರ ವಿವರಗಳನ್ನು ಬಳಸಲು ತಾಯಿತಂದೆಗಳ ಒಪ್ಪಿಗೆಯು ಬೇಕೆಂದು ವಿಧಿಸುವುದು. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಹೊರಟುವು. ಶಾಲೆಗಳಿಗೆ ಅದರಲ್ಲಿ ಕೆಲವು ವಿನಾಯಿತಿಗಳುಂಟು. ಓದಲು ಬಾರದ ತಾಯಿಯಿಂದ ಹೆಬ್ಬೆಟ್ಟು ಒತ್ತಿಸಿಕೊ‌ಂಡರೆ ಅದು ಒಪ್ಪಿಗೆಯಾಗದು. ಅವಳ ನುಡಿಯಲ್ಲಿ ಬಿಡಿಸಿ ಹೇಳಿ ಪಡೆದದ್ದೇ ಒಪ್ಪಿಗೆ.

ಮನೆಯವರು ಮಾಡಬಹುದಾದದ್ದು

ಯೋಜನೆಯು ಬರುವ ವರೆಗೆ ಕೈಕಟ್ಟಿ ಕುಳಿತಿರಬೇಕಾದುದಿಲ್ಲ. ಕರ್ನಾಟಕದ ಪ್ರತಿಯೊಂದು ಸರಕಾರೀ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯುಂಟು. ಅದರಲ್ಲಿ ತಾಯಿತಂದೆಗಳೇ ಸದಸ್ಯರು. ಶಾಲೆಗೆ ಯಾವುದಾದರೊಂದು ಹೊಸ ಯಂತ್ರವು ಬಂದಾಗ ಆ ಸಭೆಯಲ್ಲಿ ಎದ್ದುನಿಂತು ಕೇಳಬಹುದಾದ ಪ್ರಶ್ನೆಗಳು ನಾಲ್ಕು: ಇದು ನಮ್ಮ ಮಗುವಿನ ನುಡಿಯಲ್ಲಿ ಮಾತನಾಡುವುದೆ? ಇದು ತಪ್ಪು ಹೇಳಿದರೆ ತಿದ್ದುವವರು ಯಾರು? ನಮ್ಮ ಮಗುವಿನ ಹೆಸರು, ಚಿತ್ರ, ಅಂಕಗಳು ಎಲ್ಲಿಗೆ ಹೋಗುವುವು? ಮುಂದಿನ ವರ್ಷ ಇದರ ಹಣವನ್ನು ಕೊಡುವವರು ಯಾರು? ಇವುಗಳನ್ನು ಕೇಳುವುದಕ್ಕೆ ದೊಡ್ಡ ವಿದ್ಯೆಯು ಬೇಕಿಲ್ಲ.

ಮನೆಯೊಳಗೆ ಫೋನಿನಲ್ಲಿ ಇಂಥ ಯಂತ್ರವಿದ್ದಲ್ಲಿ ಒಂದೆರಡು ಕಟ್ಟುಪಾಡುಗಳು ಒಳ್ಳೆಯವು. ಮಗುವು ಮೊದಲು ಲೆಕ್ಕವನ್ನು ತಾನೇ ಕಾಗದದ ಮೇಲೆ ಮಾಡಲಿ. ಎಡವಿದ ಕಡೆಯಲ್ಲಿ ಮಾತ್ರ ಯಂತ್ರವನ್ನು ಕೇಳಲಿ. ಕೇಳುವಾಗ ಉತ್ತರವನ್ನು ಹೇಳಬೇಡ, ಸುಳಿವನ್ನು ಮಾತ್ರ ಕೊಡು ಎಂದು ಕೇಳಲಿ. ಅದು ಹೇಳಿದುದನ್ನು ಪಠ್ಯಪುಸ್ತಕದೊಡನೆ ಹೋಲಿಸಿ ನೋಡಲಿ. ಆಮೇಲೆ ಫೋನನ್ನು ಮುಚ್ಚಿ, ತಿಳಿದುದನ್ನು ತಾಯಿಗೋ ಅಜ್ಜಿಗೋ ತನ್ನ ಮಾತಿನಲ್ಲಿ ಹೇಳಲಿ. ಕೇಳುವ ತಾಯಿಗೆ ಓದು ಬಾರದಿದ್ದರೂ ಚಿಂತೆಯಿಲ್ಲ. ತಡವರಿಸದೆ ಹೇಳುವ ಮಗುವಿಗೂ ತಡವರಿಸುವ ಮಗುವಿಗೂ ಇರುವ ಭೇದವು ಯಾವ ತಾಯಿಗೆ ತಿಳಿಯದು? ಮನೆಯ ಗುಟ್ಟುಗಳನ್ನೂ, ಊರು ಹೆಸರುಗಳನ್ನೂ, ಚಿತ್ರಗಳನ್ನೂ ಯಂತ್ರಕ್ಕೆ ಕೊಡಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಡಬೇಕು.

ಈ ವಿಷಯದಲ್ಲಿ ತಡಮಾಡುವುದಕ್ಕೂ ಅವಸರಪಡುವುದಕ್ಕೂ ಇಬ್ಬಗೆಯ ನಷ್ಟವಿದೆ. ತಡಮಾಡಿದರೆ, ಅನುಕೂಲಸ್ಥರ ಮಕ್ಕಳು ಇನ್ನಷ್ಟು ಮುಂದಕ್ಕೆ ಹೋಗಿ ನಡುವಣ ಅಂತರವು ಬೆಳೆಯುವುದು. ಅವಸರಪಟ್ಟರೆ, ಕೆಟ್ಟುನಿಂತ ಯಂತ್ರಗಳ ಕೋಣೆಗಳು ಹಳ್ಳಿಯ ಶಾಲೆಗಳಲ್ಲಿ ಇನ್ನೊಂದಷ್ಟು ಹೆಚ್ಚುವುವು. ಹತ್ತಿಯ ಹೊಲದಿಂದ ಮರಳಿಬಂದ ಆ ಹುಡುಗಿಯು ಶಾಲೆಯ ಬೆಂಚಿನ ಮೇಲೆ ಕುಳಿತು, ತನ್ನ ನುಡಿಯಲ್ಲಿ ಪ್ರಶ್ನೆಯನ್ನು ಕೇಳಿ, ಸರಿಯಾದ ಸುಳಿವನ್ನು ಪಡೆದು, ಪಕ್ಕದಲ್ಲಿ ನಿಂತ ಉಪಾಧ್ಯಾಯನ ಮೆಚ್ಚಿಕೆಯ ನೋಟವನ್ನೂ ಪಡೆಯುವಂತಾಗಬೇಕು. ಅದಕ್ಕೆ ಬೇಕಾದ ಹಣವೂ ವಿದ್ಯೆಯೂ ನಮ್ಮ ದೇಶದಲ್ಲಿವೆ. ವಿದ್ಯೆಯಂತೂ ರಾಯಚೂರಿನಲ್ಲಿಯೇ ಇದೆ. ಅದನ್ನು ಮೊದಲು ದೇವದುರ್ಗ ಮಾನ್ವಿಗಳ ಕಡೆಗೆ ತಿರುಗಿಸುವಂತೆ ನಮ್ಮ ಪ್ರತಿನಿಧಿಗಳನ್ನು ಒತ್ತಾಯಪಡಿಸುವ ಕೆಲಸವು ಓದುಬಲ್ಲ ಗೃಹಸ್ಥರಾದ ನಮ್ಮೆಲ್ಲರಿಗೂ ಸೇರಿದ್ದು.